ಕಡಿಮೆ ವೋಲ್ಟೇಜಿನಲ್ಲಿ ಹಳೆಯ ಮೋಟಾರು: ಸುಟ್ಟ ಮೇಲೆ ಕೇಳುವ ಪ್ರಶ್ನೆ, ಸುಡುವ ಮುನ್ನ ಕೇಳಬೇಕಾದ ಪ್ರಶ್ನೆ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪೀಠಿಕೆ

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಊರು ಎಂದರೆ ಒತ್ತೊತ್ತಾಗಿ ನಿಂತ ಮನೆಗಳ ಸಾಲಲ್ಲ. ಒಂದು ಕಂದಾಯ ಗ್ರಾಮದೊಳಗೆ ಹಲವು ಮಜರೆಗಳಿದ್ದು, ಮಜರೆ ಮಜರೆಯ ನಡುವೆ ತೋಟ, ಬೆಟ್ಟ, ಹಳ್ಳ ಮತ್ತು ಕಾಡು ಇರುತ್ತವೆ. ಆದಕಾರಣ ಒಂದೇ ಗ್ರಾಮ ಪಂಚಾಯತಿಯ ಅಧೀನದಲ್ಲಿ ಅನೇಕ ಸಣ್ಣ ನೀರು ಸರಬರಾಜು ಯೋಜನೆಗಳಿರುವುದು ಇಲ್ಲಿ ಸಾಮಾನ್ಯ. ತಗ್ಗಿನ ಬಾವಿಯಿಂದಲೋ ಕೊಳವೆಬಾವಿಯಿಂದಲೋ ನೀರನ್ನು ಎತ್ತಿ, ಗುಡ್ಡದ ಮೇಲಿನ ಟ್ಯಾಂಕಿಗೆ ತುಂಬಿಸುವ ಮೋಟಾರೇ ಇಂತಹ ಪ್ರತಿಯೊಂದು ಯೋಜನೆಯ ಜೀವಾಳವಾಗಿದೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಪ್ರದೇಶದ ಪ್ರತಿ ಮನೆಗೆ ನಳದ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿರಿಸಿಕೊಂಡಿತು. ನಳಗಳು ಹೆಚ್ಚಿದಲ್ಲೆಲ್ಲ ಮೋಟಾರುಗಳೂ ಹೊಸದಾಗಲಿಲ್ಲ. ಹಿಂದಿನ ಯೋಜನೆಗಳಲ್ಲಿ ಅಳವಡಿಸಿದ, ಒಂದೆರಡು ಬಾರಿ ರಿವೈಂಡಿಂಗ್ ಆಗಿರುವ ಮೋಟಾರುಗಳೇ ಹಲವೆಡೆ ಮೊದಲಿಗಿಂತ ಹೆಚ್ಚು ಗಂಟೆ ದುಡಿಯಬೇಕಾಗಿದೆ. ಬೇಸಿಗೆಯಲ್ಲಿ ಅವುಗಳ ಮೇಲಿನ ಹೊರೆ ಇಮ್ಮಡಿಯಾಗುವ ಹೊತ್ತಿಗೇ ವೋಲ್ಟೇಜ್ ಕೂಡ ಕುಸಿಯುತ್ತದೆ. ಮೋಟಾರು ಸುಟ್ಟರೆ ಅದನ್ನು ಬಾವಿಯಿಂದ ಎತ್ತಿಸಿ, ಪೇಟೆಗೆ ಸಾಗಿಸಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವವರೆಗೆ ಆ ಮಜರೆಗೆ ನೀರಿಲ್ಲ. ಖರ್ಚಿನ ಬಿಲ್ಲು ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳುವ ಪ್ರಶ್ನೆ ಒಂದೇ: "ಮತ್ತೆ ಯಾಕೆ ಸುಟ್ಟಿತು?"

ಆ ಪ್ರಶ್ನೆಗೆ ಉತ್ತರವನ್ನು ಮೊದಲೇ ಪಡೆಯಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಎರಡು ಮೀಟರುಗಳು, ಒಂದು ದಿನಚರಿ ಪುಸ್ತಕ ಮತ್ತು ಆ ಅಂಕಿಗಳನ್ನು ಓದಬಲ್ಲ ಸದಸ್ಯರು. ಈ ಪಾಠದ ಉದ್ದೇಶ ಇಷ್ಟೇ.

2. ಸಮೀಪದಲ್ಲೇ ವಿದ್ಯುತ್ ಉತ್ಪಾದನೆ, ಆದರೂ ವೋಲ್ಟೇಜ್ ಏಕೆ ಕಡಿಮೆ?

ಸಿದ್ದಾಪುರ ತಾಲ್ಲೂಕಿನ ಗಡಿಯಲ್ಲಿರುವ ಜೋಗದಲ್ಲಿ 1948ರಿಂದಲೇ ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ. ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಯ ವಿದ್ಯುದಾಗಾರವಿದೆ. ಪಕ್ಕದ ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವಿದೆ. "ಇಷ್ಟು ಹತ್ತಿರ ವಿದ್ಯುತ್ ಇದ್ದೂ ಇಲ್ಲಿ ದೀಪ ಮಿಣುಕುವುದೇಕೆ?" ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಸಹಜವಾಗಿಯೇ ಬರುತ್ತದೆ.

ವಿದ್ಯುತ್ತಿನ ಕೊರತೆ ಬೇರೆ, ವೋಲ್ಟೇಜಿನ ಕೊರತೆ ಬೇರೆ. ಪಂಪ್ ಹೌಸಿಗೆ ದೊರೆಯುವ ವೋಲ್ಟೇಜನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೊನೆಯ ಒಂದೆರಡು ಕಿಲೋಮೀಟರಿನ ತಂತಿ. 11,000 ವೋಲ್ಟಿನ ಮಾರ್ಗದಿಂದ ಬರುವ ವಿದ್ಯುತ್ತನ್ನು ಊರಿನ ಪರಿವರ್ತಕವು, ಅಂದರೆ ಜನರು ಟಿಸಿ ಎಂದು ಕರೆಯುವ ಸಾಧನವು, ಬಳಕೆಯ ಮಟ್ಟಕ್ಕೆ ಇಳಿಸುತ್ತದೆ. ಹೊರೆ ಇಲ್ಲದಾಗ ಪರಿವರ್ತಕದ ಬಳಿ ಮೂರು ಫೇಸ್‌ಗಳ ನಡುವೆ 433 ವೋಲ್ಟ್ ದೊರೆಯುವಂತೆ ಅದನ್ನು ತಯಾರಿಸಲಾಗಿರುತ್ತದೆ. ಅಲ್ಲಿಂದ ಮುಂದೆ ತಂತಿಯ ಉದ್ದ, ತಂತಿಯ ದಪ್ಪ ಮತ್ತು ಅದರಲ್ಲಿ ಹರಿಯುವ ಆಂಪಿಯರ್ ಈ ಮೂರಕ್ಕೂ ತಕ್ಕಂತೆ ವೋಲ್ಟೇಜ್ ಸೋರುತ್ತಾ ಹೋಗುತ್ತದೆ.

ಒಂದು ಲೆಕ್ಕವನ್ನು ಪರಿಗಣಿಸಬಹುದು. ಪರಿವರ್ತಕದ ಬಳಿ 415 ವೋಲ್ಟ್ ಇದೆ. ಅಲ್ಲಿಂದ 1 ಕಿಲೋಮೀಟರ್ ದೂರಕ್ಕೆ ವೀಸಲ್ ಎಂಬ ಹೆಸರಿನ ತೆಳು ಅಲ್ಯೂಮಿನಿಯಂ ತಂತಿ ಎಳೆಯಲಾಗಿದೆ. ಕೊನೆಯಲ್ಲಿ ಕೆಲವು ಪಂಪ್‌ಸೆಟ್‌ಗಳು ಸೇರಿ 40 ಆಂಪಿಯರ್ ಎಳೆಯುತ್ತಿವೆ. ಆಗ ದಾರಿಯಲ್ಲಿ ಸುಮಾರು 65 ವೋಲ್ಟ್ ನಷ್ಟವಾಗಿ, ಕೊನೆಯ ಮೋಟಾರಿಗೆ ಸಿಗುವುದು 350 ವೋಲ್ಟ್ ಮಾತ್ರ. ಇನ್ನೂ ದಪ್ಪವಾದ ರ‍್ಯಾಬಿಟ್ ತಂತಿ ಇದ್ದರೆ ನಷ್ಟ ಸುಮಾರು 45 ವೋಲ್ಟಿಗೆ ಇಳಿಯುತ್ತದೆ. ಅಷ್ಟೇ ಶಕ್ತಿಯನ್ನು ಅಷ್ಟೇ ದೂರ 11,000 ವೋಲ್ಟಿನ ಮಾರ್ಗದಲ್ಲಿ ಸಾಗಿಸಿದರೆ ಹರಿಯುವುದು 1.5 ಆಂಪಿಯರ್, ಅದೇ ತಂತಿಯಲ್ಲಿ ನಷ್ಟವಾಗುವುದು 11,000ದಲ್ಲಿ ಸುಮಾರು 2.5 ವೋಲ್ಟ್. ಪರಿವರ್ತಕವನ್ನು ಪಂಪ್ ಹೌಸಿನ ಹತ್ತಿರಕ್ಕೆ ತರಬೇಕೆಂಬ ಬೇಡಿಕೆಯ ಹಿಂದಿರುವ ತರ್ಕ ಇದು.

ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ನೀರುಣಿಸುವ ಪಂಪ್‌ಸೆಟ್‌ಗಳು ಮೂರು ಫೇಸ್ ವಿದ್ಯುತ್ ಬಂದೊಡನೆ ಒಟ್ಟಿಗೆ ಆರಂಭವಾಗುತ್ತವೆ. ಹಲವಕ್ಕೆ ಆಟೋ ಸ್ಟಾರ್ಟರ್ ಇದ್ದು, ಯಾರೂ ಸ್ಥಳದಲ್ಲಿರಬೇಕಾಗಿಲ್ಲ. ನೇರವಾಗಿ ಚಾಲನೆಗೊಳ್ಳುವ ಮೋಟಾರು ಆರಂಭದ ಕೆಲವು ಕ್ಷಣ ತನ್ನ ಪೂರ್ಣ ಹೊರೆಯ ಆಂಪಿಯರಿನ ಐದಾರು ಪಟ್ಟು ಎಳೆಯುತ್ತದೆ. ಎಲ್ಲವೂ ಏಕಕಾಲಕ್ಕೆ ಎಳೆದಾಗ ಅದೇ ಮಾರ್ಗದಲ್ಲಿರುವ ಕುಡಿಯುವ ನೀರಿನ ಮೋಟಾರಿಗೆ ವೇಗ ಪಡೆಯುವಷ್ಟೂ ವೋಲ್ಟೇಜ್ ಉಳಿಯುವುದಿಲ್ಲ.

3. ನಾಮಫಲಕವನ್ನು ಓದುವ ಬಗೆ

ಪ್ರತಿ ಮೋಟಾರಿನ ಮೇಲೆ ಅಶ್ವಶಕ್ತಿ, ವೋಲ್ಟೇಜ್, ಪೂರ್ಣ ಹೊರೆಯ ಆಂಪಿಯರ್ ಮತ್ತು ವೇಗವನ್ನು ಕೆತ್ತಿದ ನಾಮಫಲಕವಿರುತ್ತದೆ. ಮೂರು ಫೇಸ್ ಮೋಟಾರುಗಳಲ್ಲಿ 415 ವೋಲ್ಟ್ ಬಹಳ ಕಾಲದಿಂದ ರೂಢಿಯಲ್ಲಿರುವ ಅಂಕಿ. ತೀರ ಹಳೆಯ ಮೋಟಾರುಗಳಲ್ಲಿ 400 ಅಥವಾ 440 ಎಂದೂ ಇರಬಹುದು. ಕೆಲವು ಸಬ್‌ಮರ್ಸಿಬಲ್ ಪಂಪುಗಳ ಫಲಕದಲ್ಲಿ ಒಂದೇ ಅಂಕಿಯ ಬದಲು, ಇಷ್ಟರಿಂದ ಇಷ್ಟರವರೆಗೆ ಎಂದು ವ್ಯಾಪ್ತಿಯನ್ನೇ ಕೊಟ್ಟಿರುತ್ತಾರೆ. ವೋಲ್ಟೇಜ್ ಕಡಿಮೆಯೋ ಅಲ್ಲವೋ ಎಂಬುದನ್ನು ಆಯಾ ಮೋಟಾರಿನ ಫಲಕಕ್ಕೆ ಹೋಲಿಸಿಯೇ ತೀರ್ಮಾನಿಸಬೇಕು. 390 ವೋಲ್ಟ್ ಎಂಬುದು 415ರ ಮೋಟಾರಿಗೆ ಶೇ. 94, 440ರ ಮೋಟಾರಿಗೆ ಶೇ. 89ಕ್ಕಿಂತ ಕಡಿಮೆ.

ವಿದ್ಯುತ್ ಸರಬರಾಜಿನಲ್ಲಿ 415 ವೋಲ್ಟಿಗೆ ಶೇ. 6ರ ಏರಿಳಿತವನ್ನು ಸಹ್ಯ ಮಿತಿಯೆಂದು ಪರಿಗಣಿಸುತ್ತ ಬರಲಾಗಿದೆ. ಅಂದರೆ 390ರಿಂದ 440 ವೋಲ್ಟ್. ಪಂಪ್ ಹೌಸಿನಲ್ಲಿ ಮೋಟಾರು ನಡೆಯುತ್ತಿರುವಾಗಲೇ 390ಕ್ಕಿಂತ ಕಡಿಮೆ ತೋರುತ್ತಿದ್ದರೆ ಅದು ದಾಖಲಿಸಲೇಬೇಕಾದ ಸಂಗತಿ.

ಬಹುಬಾರಿ ರಿವೈಂಡಿಂಗ್ ಆದ ಮೋಟಾರುಗಳಲ್ಲಿ ಫಲಕ ಕಳಚಿಹೋಗಿರುತ್ತದೆ, ಇಲ್ಲವೇ ಬಣ್ಣ ಬಳಿದು ಮುಚ್ಚಿಹೋಗಿರುತ್ತದೆ. ಫಲಕವಿಲ್ಲದ ಮೋಟಾರಿಗೆ ಸ್ಥೂಲವಾಗಿ ಅಶ್ವಶಕ್ತಿಯೊಂದಕ್ಕೆ ಒಂದೂವರೆ ಆಂಪಿಯರ್ ಎಂದು ಎಣಿಸಬಹುದು: 5 ಎಚ್.ಪಿ.ಗೆ ಸುಮಾರು 7.5, 10 ಎಚ್.ಪಿ.ಗೆ ಸುಮಾರು 15 ಆಂಪಿಯರ್. ಸಬ್‌ಮರ್ಸಿಬಲ್ ಮೋಟಾರುಗಳು ಇದಕ್ಕಿಂತ ತುಸು ಹೆಚ್ಚು ಎಳೆಯುತ್ತವೆ.

4. ಮೋಟಾರಿನ ಒಳಗೆ ನಡೆಯುವುದೇನು?

ವೋಲ್ಟೇಜ್ ಇಳಿದಾಗ ಮೂರು ಪರಿಣಾಮಗಳು ಒಟ್ಟಿಗೆ ಉಂಟಾಗುತ್ತವೆ.

ಮೊದಲನೆಯದಾಗಿ, ಟಾರ್ಕ್ ಎಂದು ಕರೆಯುವ ತಿರುಗಿಸುವ ಬಲ ಕುಗ್ಗುತ್ತದೆ. ಈ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಶೇ. 10 ಇಳಿದರೆ ಬಲ ಶೇ. 19ರಷ್ಟು, ಶೇ. 20 ಇಳಿದರೆ ಶೇ. 36ರಷ್ಟು ಇಳಿಯುತ್ತದೆ.

ಎರಡನೆಯದಾಗಿ, ಆಂಪಿಯರ್ ಏರುತ್ತದೆ. ನೀರನ್ನು ಎತ್ತುವ ಕೆಲಸ ಕಡಿಮೆಯಾಗಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ಅದೇ ಕೆಲಸ ಮಾಡಲು ಮೋಟಾರು ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ.

ಮೂರನೆಯದಾಗಿ, ಬಿಸಿ ಏರುತ್ತದೆ. ತಾಮ್ರದ ಸುರುಳಿಯಲ್ಲಿ ಹುಟ್ಟುವ ಬಿಸಿಯು ಆಂಪಿಯರಿನ ವರ್ಗಕ್ಕೆ ಅನುಗುಣ. 15 ಆಂಪಿಯರಿನ, ಪೂರ್ಣ ಹೊರೆಯಲ್ಲಿ ನಡೆಯುವ 10 ಎಚ್.ಪಿ. ಮೋಟಾರಿಗೆ ಸಂಬಂಧಿಸಿದ ಸ್ಥೂಲ ಲೆಕ್ಕ ಈ ಕೆಳಗಿನಂತಿದೆ.

| ವೋಲ್ಟ್ | 415ರ ಶೇಕಡಾ | ಆರಂಭದ ಬಲ (ಶೇ.) | ಆಂಪಿಯರ್ | ಸುರುಳಿಯ ಬಿಸಿ (ಶೇ.) |
|---|---|---|---|---|
| 415 | 100 | 100 | 15.0 | 100 |
| 390 | 94 | 88 | 16.0 | 113 |
| 373 | 90 | 81 | 16.7 | 123 |
| 350 | 84 | 71 | 17.8 | 141 |
| 332 | 80 | 64 | 18.8 | 156 |

ಈ ಕೋಷ್ಟಕದಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. 390 ವೋಲ್ಟಿನಿಂದ 350ಕ್ಕೆ ಇಳಿಯುವುದು ನೋಡುವುದಕ್ಕೆ 40 ವೋಲ್ಟಿನ ವ್ಯತ್ಯಾಸ. ಆದರೆ ಸುರುಳಿಯ ಹೆಚ್ಚುವರಿ ಬಿಸಿ ಶೇ. 13ರಿಂದ ಶೇ. 41ಕ್ಕೆ ಜಿಗಿಯುತ್ತದೆ.

ಇಷ್ಟಾದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರು ಶೇ. 90 ವೋಲ್ಟೇಜಿನಲ್ಲಿ ಸುಮಾರು 1,426 ಸುತ್ತು ತಿರುಗುತ್ತದೆ. ವೇಗದಲ್ಲಿ ಶೇ. 1ರಷ್ಟೂ ವ್ಯತ್ಯಾಸವಿಲ್ಲ, ಟ್ಯಾಂಕಿಗೆ ನೀರೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಆದ್ದರಿಂದ "ನೀರು ಬರುತ್ತಿದೆ, ಮೋಟಾರು ಸರಿಯಿದೆ" ಎಂಬ ನಂಬಿಕೆ ಬೆಳೆಯುತ್ತದೆ. ವೋಲ್ಟೇಜ್ ಇನ್ನೂ ಇಳಿದಾಗ ಮಾತ್ರ, ಎತ್ತರದ ಟ್ಯಾಂಕುಗಳಲ್ಲಿ ನೀರಿನ ಧಾರೆ ಸಣ್ಣದಾಗುವುದು ಕಂಡುಬರುತ್ತದೆ.

ಕಡಿಮೆ ವೋಲ್ಟೇಜಿನಿಂದ ಬಿಲ್ಲಾದರೂ ಕಡಿಮೆ ಬರುವುದೆಂಬ ಭಾವನೆಯೂ ಸರಿಯಲ್ಲ. ಟ್ಯಾಂಕು ತುಂಬಲು ಹೆಚ್ಚು ಹೊತ್ತು ಬೇಕಾಗುತ್ತದೆ, ಸುರುಳಿಯಲ್ಲಿ ಹೆಚ್ಚು ಶಕ್ತಿ ಬಿಸಿಯಾಗಿ ಪೋಲಾಗುತ್ತದೆ. ಒಂದು ಟ್ಯಾಂಕು ನೀರಿಗೆ ಖರ್ಚಾಗುವ ಯೂನಿಟ್ಟು ಹೆಚ್ಚುವುದೇ ವಾಡಿಕೆ.

5. ಹಳೆಯ ಮೋಟಾರು ಎಷ್ಟು ತಾಳಬಲ್ಲದು?

ಸುರುಳಿಯ ತಂತಿಗೆ ಹಚ್ಚಿದ ವಾರ್ನಿಷ್ ಮತ್ತು ನಡುವೆ ಇಟ್ಟ ನಿರೋಧಕ ಪದರವೇ ಮೋಟಾರಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಎ ವರ್ಗದ ನಿರೋಧಕವು 105, ಇ ವರ್ಗದ್ದು 120, ಬಿ ವರ್ಗದ್ದು 130, ಎಫ್ ವರ್ಗದ್ದು 155 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಹಳೆಯ ಮೋಟಾರುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ವರ್ಗದ ನಿರೋಧಕಗಳೇ ಇರುತ್ತವೆ. ಮಿತಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ನಿರೋಧಕದ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. ಹತ್ತು ವರ್ಷ ಬಾಳಬೇಕಾದ ವೈಂಡಿಂಗ್ ಸತತವಾಗಿ 20 ಡಿಗ್ರಿ ಹೆಚ್ಚು ಬಿಸಿಯಾದರೆ ಎರಡೂವರೆ ವರ್ಷಕ್ಕೆ ಮುಗಿಯುತ್ತದೆ. ಮೋಟಾರು ಒಂದು ಸಂಜೆ ಥಟ್ಟನೆ ಸುಟ್ಟಂತೆ ಕಂಡರೂ, ಅದು ಸುಡಲಾರಂಭಿಸಿದ್ದು ಎರಡು ಬೇಸಿಗೆಗಳ ಹಿಂದೆ ಇರಬಹುದು.

ಇದರ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಕಡಿಮೆ ವೋಲ್ಟೇಜ್ ಎಲ್ಲ ಮೋಟಾರಿಗೂ ಒಂದೇ ಸಮನಾಗಿ ಮಾರಕವಲ್ಲ. 10 ಎಚ್.ಪಿ. ಮೋಟಾರಿಗೆ ವಾಸ್ತವವಾಗಿ 6 ಎಚ್.ಪಿ.ಯಷ್ಟೇ ಕೆಲಸವಿದ್ದರೆ, 350 ವೋಲ್ಟಿನಲ್ಲೂ ಅದರ ಆಂಪಿಯರ್ ಫಲಕದ ಅಂಕಿಯನ್ನು ಮೀರದಿರಬಹುದು. ಅಂತಹ ಮೋಟಾರು ಆರಂಭವಾಗಿ ವೇಗ ಪಡೆಯುವುದಾದರೆ ನಡೆಸಲು ಅಡ್ಡಿಯಿಲ್ಲ. ಪೂರ್ಣ ಹೊರೆಯಲ್ಲಿರುವ ಮೋಟಾರಿಗೆ 380 ವೋಲ್ಟ್ ಕೂಡ ಅಪಾಯಕಾರಿಯಾಗಬಹುದು. ಹೀಗಾಗಿ ವೋಲ್ಟೇಜ್ ಮೀಟರು ಕಾರಣವನ್ನು ತೋರಿಸುತ್ತದೆ, ಆಂಪಿಯರ್ ಮೀಟರು ಅಪಾಯವನ್ನು ತೋರಿಸುತ್ತದೆ. ಮೋಟಾರನ್ನು ನಡೆಸಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನಕ್ಕೆ ಆಂಪಿಯರೇ ಆಧಾರವಾಗಬೇಕು.

ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರು ತನ್ನ ಸುತ್ತ ಹರಿಯುವ ನೀರಿನಿಂದಲೇ ತಂಪಾಗುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದು ಹರಿವು ಕಡಿಮೆಯಾದಾಗ ತಂಪೂ ಕಡಿಮೆ. ಅದೇ ಸಮಯಕ್ಕೆ ವೋಲ್ಟೇಜ್ ಕೂಡ ಇಳಿದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

6. ಮೂರು ಫೇಸ್‌ಗಳ ಅಸಮತೋಲನ

ವೋಲ್ಟೇಜನ್ನು ಒಂದೇ ಕಡೆ ಅಳೆದರೆ ಸಾಲದು. ಮೂರು ಫೇಸ್‌ಗಳ ನಡುವಿನ ಮೂರೂ ಅಳತೆಗಳು ಬೇಕು. ಉದಾಹರಣೆಗೆ 380, 372 ಮತ್ತು 350 ವೋಲ್ಟ್ ಇದ್ದರೆ ಸರಾಸರಿ ಸುಮಾರು 367, ಅದರಿಂದ ಅತಿ ಹೆಚ್ಚು ದೂರವಿರುವ ಅಂಕಿ 350, ವ್ಯತ್ಯಾಸ ಶೇ. 4.7. ವೋಲ್ಟೇಜಿನಲ್ಲಿ ಶೇ. 1ರ ಅಸಮತೋಲನವು ಆಂಪಿಯರಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಅಸಮತೋಲನ ಉಂಟುಮಾಡಬಲ್ಲದು. ವ್ಯತ್ಯಾಸ ಶೇ. 5 ಮೀರಿದಾಗ ಮೋಟಾರನ್ನು ನಡೆಸಬಾರದು.

ಒಂದು ಫೇಸ್ ಸಂಪೂರ್ಣ ಕಡಿದುಹೋದರೆ ಉಳಿದೆರಡು ಫೇಸ್‌ಗಳಲ್ಲಿ ಆಂಪಿಯರ್ ಸುಮಾರು 1.7 ಪಟ್ಟಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ, ಫ್ಯೂಸ್ ಹೋಗುವ ಈ ಭಾಗದಲ್ಲಿ ಇದು ಅಪರೂಪವಲ್ಲ. ಸಿಂಗಲ್ ಫೇಸ್ ಪ್ರಿವೆಂಟರ್ ಅಳವಡಿಸಿರುವುದು ಇದೇ ಕಾರಣಕ್ಕಾಗಿ. ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡುವುದು, ಕಂಡೆನ್ಸರ್ ಕಟ್ಟಿ ಎರಡು ಫೇಸ್‌ನಲ್ಲಿ ಮೂರು ಫೇಸ್ ಮೋಟಾರು ಓಡಿಸುವುದು, ಇವೆರಡನ್ನೂ ಪಂಚಾಯತಿಯ ಯಾವ ಪಂಪ್ ಹೌಸಿನಲ್ಲೂ ಅನುಮತಿಸತಕ್ಕದ್ದಲ್ಲ.

7. ಪರಿಹಾರದಂತೆ ಕಾಣುವ ತಪ್ಪು ಕ್ರಮಗಳು

(ಅ) ದೊಡ್ಡ ಮೋಟಾರು ಇಳಿಸುವುದು. ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಸಲಹೆ ಇದು. ದೊಡ್ಡ ಪಂಪು ಮತ್ತು ಮೋಟಾರು ಅದೇ ತೆಳು ತಂತಿಯ ಮೂಲಕ ಇನ್ನಷ್ಟು ಆಂಪಿಯರ್ ಎಳೆಯುತ್ತವೆ. ಎರಡನೆಯ ಭಾಗದಲ್ಲಿ ಹೇಳಿದ ಮಾರ್ಗದಲ್ಲಿ 40ರ ಬದಲು 50 ಆಂಪಿಯರ್ ಹರಿದರೆ ನಷ್ಟ 65ರಿಂದ ಸುಮಾರು 81 ವೋಲ್ಟಿಗೆ ಏರಿ, ಕೊನೆಯಲ್ಲಿ ಉಳಿಯುವುದು 334 ವೋಲ್ಟ್. ಹೊಸ ಮೋಟಾರಿನ ಜೊತೆಗೆ ನೆರೆಯ ಮೋಟಾರುಗಳೂ ಬಳಲುತ್ತವೆ.

(ಆ) ರಿಲೇಯನ್ನು ಏರಿಸುವುದು ಅಥವಾ ತಪ್ಪಿಸುವುದು. ಓವರ್‌ಲೋಡ್ ರಿಲೇ ಪದೇ ಪದೇ ಬಿದ್ದು ಮೋಟಾರು ನಿಲ್ಲುವುದು ಕಿರಿಕಿರಿಯೆನಿಸಬಹುದು. ಆದರೆ ಮೋಟಾರು ಬಿಸಿಯಾಗುತ್ತಿದೆ ಎಂದು ತಿಳಿಸಬಲ್ಲ ಕಾವಲುಗಾರ ಅದೊಂದೇ. ರಿಲೇಯನ್ನು ಫಲಕದಲ್ಲಿರುವ ಆಂಪಿಯರಿಗೇ ಹೊಂದಿಸಿರಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯು ಸುರುಳಿಯ ಮಾರ್ಗದಲ್ಲಿದ್ದರೆ ಆ ಅಂಕಿಯ ಶೇ. 58ಕ್ಕೆ ಹೊಂದಿಸಬೇಕು.

(ಇ) ಕಡಿಮೆ ವೋಲ್ಟೇಜಿಗೆಂದೇ ರಿವೈಂಡಿಂಗ್ ಮಾಡಿಸುವುದು. ಸುತ್ತುಗಳನ್ನು ಕಡಿಮೆ ಮಾಡಿ ದಪ್ಪ ತಂತಿಯಿಂದ ಸುತ್ತಿದರೆ ಮೋಟಾರು 350 ವೋಲ್ಟಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ರಾತ್ರಿ ತೋಟದ ಪಂಪುಗಳೆಲ್ಲ ನಿಂತು ವೋಲ್ಟೇಜ್ 430ಕ್ಕೆ ಏರಿದಾಗ ಅದೇ ಮೋಟಾರಿನ ಕಬ್ಬಿಣದ ತಿರುಳು ಕಾಂತಶಕ್ತಿಯಿಂದ ತುಂಬಿತುಳುಕಿ, ಹೊರೆ ಇಲ್ಲದೆಯೂ ವಿಪರೀತ ಆಂಪಿಯರ್ ಎಳೆಯುತ್ತದೆ. ಹಗಲು ಉಳಿದ ಮೋಟಾರು ರಾತ್ರಿ ಸುಡುತ್ತದೆ.

(ಈ) ಸ್ಟೆಬಿಲೈಜರ್ ಒಂದನ್ನೇ ನಂಬುವುದು. ಇದು ಮೋಟಾರಿಗೆ ವೋಲ್ಟೇಜ್ ಏರಿಸಿ ಕೊಡುವುದು ನಿಜ. ಹಾಗೆ ಕೊಡಲು ಅದು ಮಾರ್ಗದಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ಮಾರ್ಗದ ಉಳಿದ ಬಳಕೆದಾರರಿಗೆ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. ಒಂದು ಪಂಪ್ ಹೌಸಿಗೆ ತಾತ್ಕಾಲಿಕ ಆಸರೆಯಾಗಬಹುದಾದರೂ ಎಲ್ಲರೂ ಅಳವಡಿಸಿಕೊಂಡರೆ ಯಾರಿಗೂ ಪ್ರಯೋಜನವಿಲ್ಲ.

(ಉ) ಸ್ಟಾರ್‌ನಲ್ಲಿಯೇ ಓಡಿಸುವುದು. ಸ್ಟಾರ್-ಡೆಲ್ಟಾ ಸ್ಟಾರ್ಟರು ಆರಂಭದಲ್ಲಿ ಪ್ರತಿ ಸುರುಳಿಗೆ ಶೇ. 58ರಷ್ಟು ವೋಲ್ಟೇಜ್ ಮಾತ್ರ ಕೊಡುತ್ತದೆ. ಆಗ ಬಲ ಮೂರನೆಯ ಒಂದು ಭಾಗ. ಸರಬರಾಜೇ 350 ವೋಲ್ಟಿದ್ದರೆ ಬಲ ಶೇ. 24ಕ್ಕೆ ಇಳಿದು, ಮೋಟಾರು ಗುಂಯ್‌ಗುಟ್ಟುತ್ತಾ ವೇಗ ಪಡೆಯದೆ ನಿಲ್ಲಬಹುದು. ಸ್ಟಾರ್ಟರಿನ ಸಂಪರ್ಕಗಳು ಕೆಟ್ಟು ಸ್ಟಾರ್‌ನಲ್ಲೇ ಸಿಕ್ಕಿಕೊಂಡ ಮೋಟಾರು ಪೂರ್ಣ ಹೊರೆಯಲ್ಲಿ ಬೇಗನೆ ಸುಡುತ್ತದೆ.

8. ಪಂಚಾಯತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಖರ್ಚಿಲ್ಲದ ಕ್ರಮಗಳಿಂದ ಆರಂಭಿಸಿ, ಖರ್ಚಿನ ಕ್ರಮಗಳಿಗೆ ಹೋಗುವುದು ಯುಕ್ತ.

(1) ಸಮಯ ಬದಲಾವಣೆ. ತೋಟದ ಪಂಪುಗಳ ಒತ್ತಡವಿಲ್ಲದ ಹೊತ್ತನ್ನು ದಿನಚರಿಯ ಅಂಕಿಗಳಿಂದ ಗುರುತಿಸಿ, ಆ ಹೊತ್ತಿನಲ್ಲಿ ಟ್ಯಾಂಕು ತುಂಬಿಸಬೇಕು. ಒಂದೇ ಪರಿವರ್ತಕದಲ್ಲಿ ಪಂಚಾಯತಿಯ ಎರಡು ಮೋಟಾರುಗಳಿದ್ದರೆ ಒಂದರ ನಂತರ ಒಂದನ್ನು ನಡೆಸಬೇಕು.

(2) ಆರಂಭದಲ್ಲಿ ವಿಳಂಬ. ಆಟೋ ಸ್ಟಾರ್ಟರುಗಳಲ್ಲಿ ವಿದ್ಯುತ್ ಬಂದ ಕೆಲವು ನಿಮಿಷಗಳ ನಂತರ ಚಾಲನೆಗೊಳ್ಳುವಂತೆ ಟೈಮರ್ ಇಡಬಹುದು. ಒಂದು ಪರಿವರ್ತಕದ ತೋಟಗಾರರೆಲ್ಲ ಕುಳಿತು ಮಾತನಾಡಿ, ಬೇರೆ ಬೇರೆ ವಿಳಂಬ ಇಟ್ಟುಕೊಂಡರೆ ಅವರ ಮೋಟಾರುಗಳೂ ಉಳಿಯುತ್ತವೆ. ಅಧಿಕಾರಿಯ ಪತ್ರಕ್ಕಿಂತ ವಾರ್ಡಿನ ಸದಸ್ಯರ ಮಾತು ಇಲ್ಲಿ ಹೆಚ್ಚು ನಡೆಯುತ್ತದೆ.

(3) ಗೇಟ್ ವಾಲ್ವಿನ ಬಳಕೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರಿನ ಹರಿವು ಹೆಚ್ಚಿದಂತೆ ಮೋಟಾರಿನ ಹೊರೆ ಹೆಚ್ಚುತ್ತದೆ. ಬಾವಿ ತುಂಬಿರುವಾಗ ಎತ್ತುವ ಎತ್ತರ ಕಡಿಮೆಯಾಗಿ, ಹರಿವು ಹೆಚ್ಚಿ, ಆಂಪಿಯರ್ ಏರುವುದು ಇದೇ ಕಾರಣಕ್ಕೆ. ವೋಲ್ಟೇಜ್ ಕಡಿಮೆ ಇರುವಾಗ ಮೇಲ್ಕೊಳವೆಯ ವಾಲ್ವನ್ನು ಸ್ವಲ್ಪ ಮುಚ್ಚಿ, ಆಂಪಿಯರನ್ನು ಫಲಕದ ಮಿತಿಯೊಳಗೆ ತರಬಹುದು. ನೀರು ಕಡಿಮೆ ಬಂದರೂ ಮೋಟಾರು ಉಳಿಯುತ್ತದೆ. ವಾಲ್ವನ್ನು ಪೂರ್ತಿ ಮುಚ್ಚಿ ಹೆಚ್ಚು ಹೊತ್ತು ನಡೆಸಬಾರದು.

(4) ಜೋಡಣೆಗಳ ಪರಿಶೀಲನೆ. ಸಡಿಲ ಜಂಪರ್, ಕರಕಲಾದ ಫ್ಯೂಸ್ ಹೋಲ್ಡರ್, ತೂತುಬಿದ್ದ ಕಾಂಟ್ಯಾಕ್ಟರ್ ಬಿಂದುಗಳು ಹಲವು ವೋಲ್ಟ್ ನುಂಗುತ್ತವೆ. ಸ್ಟಾರ್ಟರ್ ಗರಗರ ಸದ್ದು ಮಾಡುತ್ತಿದ್ದರೆ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ನಿಂದ ಕೂಡಲೇ ಪರೀಕ್ಷೆ ಮಾಡಿಸಬೇಕು. ಮಳೆಗಾಲ ಮುಗಿದೊಡನೆ ಮೆಗ್ಗರ್ ಪರೀಕ್ಷೆ ನಡೆಸಿ, ನಿರೋಧವು 1 ಮೆಗಾ ಓಮ್‌ಗಿಂತ ಕಡಿಮೆಯಿದ್ದರೆ ಮೋಟಾರನ್ನು ಒಣಗಿಸದೆ ನಡೆಸಬಾರದು.

(5) ಸರಿಯಾದ ಕೇಬಲ್. ಪ್ಯಾನಲ್‌ನಿಂದ 200 ಮೀಟರ್ ಆಳದ 7.5 ಎಚ್.ಪಿ. ಮೋಟಾರಿಗೆ 2.5 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿದರೆ ಕೇಬಲ್ಲಿನಲ್ಲೇ ಸುಮಾರು 25 ವೋಲ್ಟ್ ನಷ್ಟ. 6 ಚದರ ಮಿ.ಮೀ. ಹಾಕಿದರೆ ಸುಮಾರು 10 ವೋಲ್ಟ್. ಕೇಬಲ್ಲಿನಲ್ಲಿ ಉಳಿಸಿದ ಹಣ ರಿವೈಂಡಿಂಗ್‌ನಲ್ಲಿ ಹೋಗುತ್ತದೆ.

(6) ಕೆಪಾಸಿಟರ್. 5 ಎಚ್.ಪಿ.ಗೆ ಸಾಮಾನ್ಯವಾಗಿ 2, 10 ಎಚ್.ಪಿ.ಗೆ 4 ಕೆವಿಎಆರ್ ಅಳತೆಯ ಕೆಪಾಸಿಟರ್ ಬಳಸುತ್ತಾರೆ. ಎರಡನೆಯ ಭಾಗದ ಉದಾಹರಣೆಯಲ್ಲಿ ಎಲ್ಲ ಪಂಪುಗಳಿಗೂ ಕೆಪಾಸಿಟರ್ ಅಳವಡಿಸಿದರೆ ಕೊನೆಯಲ್ಲಿ ಸುಮಾರು 8 ವೋಲ್ಟ್ ಲಾಭವಾಗುತ್ತದೆ. ಲಾಭ ಸಣ್ಣದು, ಖರ್ಚೂ ಸಣ್ಣದು.

(7) ರಿವೈಂಡಿಂಗ್ ಷರತ್ತುಗಳು. ಮೂಲ ಸುತ್ತುಗಳ ಸಂಖ್ಯೆ ಹಾಗೂ ತಂತಿಯ ಗೇಜ್ ಬಿಲ್ಲಿನಲ್ಲಿ ನಮೂದಾಗಿರಬೇಕು. ಹಳೆಯ ಸುರುಳಿಯನ್ನು ಬೆಂಕಿಯಲ್ಲಿ ಸುಟ್ಟು ತೆಗೆದರೆ ಕಬ್ಬಿಣದ ಹಾಳೆಗಳ ನಡುವಿನ ನಿರೋಧಕವೂ ಸುಟ್ಟು ಮೋಟಾರು ಶಾಶ್ವತವಾಗಿ ಹೆಚ್ಚು ಬಿಸಿಯಾಗುತ್ತದೆ. ಮರಳಿ ಬಂದ ಮೋಟಾರಿನ ಹೊರೆರಹಿತ ಆಂಪಿಯರನ್ನು ಅಳೆದು ಬರೆದಿಟ್ಟ ಮೇಲೆಯೇ ಬಿಲ್ಲು ಪಾವತಿಸುವುದು ಒಳ್ಳೆಯದು.

9. ದಿನಚರಿ ಪುಸ್ತಕ ಮತ್ತು ಹೆಸ್ಕಾಂಗೆ ಮನವಿ

ಪ್ರತಿ ಪಂಪ್ ಹೌಸಿನಲ್ಲಿ ಒಂದು ನೋಟ್‌ಪುಸ್ತಕವಿರಲಿ. ವಾಟರ್‌ಮನ್ ದಿನಕ್ಕೆರಡು ಬಾರಿ ಬರೆಯಬೇಕಾದುದು ಇಷ್ಟು: ದಿನಾಂಕ ಮತ್ತು ಗಂಟೆ, ಮೋಟಾರು ಆರಂಭಿಸುವ ಮುನ್ನ ವೋಲ್ಟೇಜ್, ಆರಂಭಿಸಿದ ಹತ್ತು ನಿಮಿಷದ ನಂತರ ಮೂರೂ ಫೇಸ್‌ಗಳ ವೋಲ್ಟೇಜ್ ಮತ್ತು ಆಂಪಿಯರ್, ಟ್ಯಾಂಕು ತುಂಬಲು ತೆಗೆದುಕೊಂಡ ಸಮಯ, ರಿಲೇ ಬಿದ್ದಿದ್ದರೆ ಎಷ್ಟು ಬಾರಿ. ಈ ಅಳತೆಗಳನ್ನು ಪ್ಯಾನಲ್‌ನ ಹೊರಗಿನ ಮೀಟರಿನಿಂದಲೇ ಓದಬೇಕು; ಬಾಗಿಲು ತೆರೆದು ಒಳಗೆ ಕೈ ಹಾಕುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಮಾತ್ರ ಸೇರಿದ್ದು. ಮೀಟರು ಕೆಟ್ಟಿರುವ ಪ್ಯಾನಲ್‌ಗಳಿಗೆ ಮೀಟರು ಹಾಕಿಸುವುದೇ ಮೊದಲ ಖರ್ಚಾಗಲಿ.

ಎರಡು ವೋಲ್ಟೇಜ್ ಅಂಕಿಗಳ ವ್ಯತ್ಯಾಸ ಬಹಳಷ್ಟು ಹೇಳುತ್ತದೆ. ಆರಂಭಿಸುವ ಮುನ್ನ 410 ಇದ್ದು, ಆರಂಭಿಸಿದ ಮೇಲೆ 370 ಆದರೆ ಮೋಟಾರಿಗೆ ಬರುವ ತಂತಿ ದುರ್ಬಲವಾಗಿದೆ, ಇಲ್ಲವೇ ಜೋಡಣೆ ಸಡಿಲವಾಗಿದೆ. ಆರಂಭಿಸುವ ಮುನ್ನವೇ 370 ಇದ್ದರೆ ದೋಷವಿರುವುದು ಮಾರ್ಗದ ಇತರ ಹೊರೆಯಲ್ಲಿ ಅಥವಾ ಪರಿವರ್ತಕದಲ್ಲಿ. ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಸಾಕಾಗಬಹುದು. ಎರಡನೆಯದಕ್ಕೆ ಹೆಸ್ಕಾಂ ಬೇಕು.

"ವೋಲ್ಟೇಜ್ ಸರಿಯಿಲ್ಲ" ಎಂಬ ಒಂದು ಸಾಲಿನ ಮನವಿಗೂ, ಒಂದು ತಿಂಗಳ ಅಂಕಿಗಳನ್ನು ಲಗತ್ತಿಸಿದ ಮನವಿಗೂ ಅಜಗಜಾಂತರವಿದೆ. ಪರಿವರ್ತಕದ ಸಾಮರ್ಥ್ಯ ಹೆಚ್ಚಿಸಬೇಕೋ, ಪಂಪ್ ಹೌಸಿನ ಬಳಿ ಹೊಸ ಪರಿವರ್ತಕ ಬೇಕೋ, ತಂತಿ ಬದಲಿಸಿದರೆ ಸಾಕೋ ಎಂಬುದನ್ನು ಎಂಜಿನಿಯರು ಅಂಕಿಗಳಿಂದಲೇ ನಿರ್ಧರಿಸಲು ಸಾಧ್ಯ. ದೂರನ್ನು 1912ಕ್ಕೆ ದಾಖಲಿಸಿ ಸಂಖ್ಯೆ ಪಡೆದು, ಲಿಖಿತ ಮನವಿಯನ್ನು ಹೆಸ್ಕಾಂ ಶಾಖಾಧಿಕಾರಿಗೂ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೂ ಸಲ್ಲಿಸಬೇಕು. ಪ್ರತಿಯನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಉಪವಿಭಾಗಕ್ಕೆ ಕಳುಹಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯ ಮುಂದೆ ಹೋಗಲು ಗ್ರಾಹಕಳಾದ ಪಂಚಾಯತಿಗೂ ಅವಕಾಶವಿದೆ.

10. ಸಾಮಾನ್ಯ ಸಭೆಗೆ ಮಾದರಿ ನಿರ್ಣಯ

"ಗ್ರಾಮ ಪಂಚಾಯತಿ ವ್ಯಾಪ್ತಿಯ ಎಲ್ಲ ಕುಡಿಯುವ ನೀರಿನ ಪಂಪ್ ಹೌಸ್‌ಗಳಲ್ಲಿ ವೋಲ್ಟೇಜ್ ಮತ್ತು ಆಂಪಿಯರ್ ಮೀಟರುಗಳನ್ನು ಸುಸ್ಥಿತಿಯಲ್ಲಿಡುವುದು, ದಿನಚರಿ ಪುಸ್ತಕ ನಿರ್ವಹಿಸಿ ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು, ಮೋಟಾರಿನ ಆಂಪಿಯರ್ ನಾಮಫಲಕದ ಮಿತಿ ಮೀರಿದಾಗ ಅಥವಾ ರಿಲೇ ಬಿದ್ದಾಗ ಮೋಟಾರು ನಿಲ್ಲಿಸಲು ವಾಟರ್‌ಮನ್‌ಗೆ ಅಧಿಕಾರ ನೀಡುವುದು, ದಿನಚರಿಯ ಅಂಕಿಗಳನ್ನು ಪರಿಶೀಲಿಸದೆ ಮೋಟಾರಿನ ಅಶ್ವಶಕ್ತಿ ಹೆಚ್ಚಿಸುವ ಅಥವಾ ರಿವೈಂಡಿಂಗ್ ಮಾಡಿಸುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡದಿರುವುದು ಎಂದು ತೀರ್ಮಾನಿಸಲಾಯಿತು."

ಈ ನಿರ್ಣಯದ ಮೂರನೆಯ ಅಂಶ ಮಹತ್ವದ್ದು. ನೀರು ಬಿಡಲಿಲ್ಲವೆಂದು ಬೈಗುಳ ಕೇಳುವವನು ವಾಟರ್‌ಮನ್. ಆ ಭಯದಿಂದಲೇ ಆತ ರಿಲೇಯನ್ನು ಒತ್ತಿ ಒತ್ತಿ ಮೋಟಾರು ಓಡಿಸುತ್ತಾನೆ. ಒಂದು ದಿನ ನೀರು ತಡವಾದರೂ ಚಿಂತೆಯಿಲ್ಲ, ಮೋಟಾರು ಉಳಿಸು ಎಂದು ಸಭೆಯೇ ಲಿಖಿತವಾಗಿ ಹೇಳಿದಾಗ ಆತನಿಗೆ ನಿಲ್ಲಿಸುವ ಧೈರ್ಯ ಬರುತ್ತದೆ. ತಡವಾದ ದಿನ ಮನೆಗಳವರಿಗೆ ಕಾರಣ ತಿಳಿಸುವ ಹೊಣೆಯನ್ನು ಆ ವಾರ್ಡಿನ ಸದಸ್ಯರು ಹೊರಬೇಕು.

11. ಚರ್ಚೆಗೆ ಪ್ರಶ್ನೆಗಳು

1. ಸದಸ್ಯರ ವಾರ್ಡಿನಲ್ಲಿರುವ ಪಂಪ್ ಹೌಸ್‌ಗಳಲ್ಲಿ ಎಷ್ಟರಲ್ಲಿ ಎರಡೂ ಮೀಟರುಗಳು ಕೆಲಸ ಮಾಡುತ್ತಿವೆ? ಎಷ್ಟು ಮೋಟಾರುಗಳ ನಾಮಫಲಕ ಓದಲು ಸಿಗುತ್ತದೆ?

2. ಫಲಕದಲ್ಲಿ 415 ವೋಲ್ಟ್, 11 ಆಂಪಿಯರ್ ಎಂದಿರುವ ಮೋಟಾರು 360 ವೋಲ್ಟಿನಲ್ಲಿ 9.5 ಆಂಪಿಯರ್ ತೋರಿಸುತ್ತಿದೆ. ಇನ್ನೊಂದು ಅಂತಹುದೇ ಮೋಟಾರು 385 ವೋಲ್ಟಿನಲ್ಲಿ 12.5 ಆಂಪಿಯರ್ ತೋರಿಸುತ್ತಿದೆ. ಯಾವುದನ್ನು ನಿಲ್ಲಿಸಬೇಕು? ಏಕೆ?

3. ಕಳೆದ ಮೂರು ಬೇಸಿಗೆಗಳಲ್ಲಿ ರಿವೈಂಡಿಂಗ್‌ಗೆ ಪಾವತಿಸಿದ ಬಿಲ್ಲುಗಳಲ್ಲಿ ಒಂದೇ ಪಂಪ್ ಹೌಸಿನ ಹೆಸರು ಎಷ್ಟು ಬಾರಿ ಬಂದಿದೆ? ಆ ಪಂಪ್ ಹೌಸ್ ಪರಿವರ್ತಕದಿಂದ ಎಷ್ಟು ದೂರದಲ್ಲಿದೆ?

4. ಒಂದೇ ಪರಿವರ್ತಕದ ತೋಟಗಾರರನ್ನು ಒಟ್ಟುಗೂಡಿಸಿ ಆಟೋ ಸ್ಟಾರ್ಟರುಗಳ ವಿಳಂಬವನ್ನು ಹಂಚಿಕೊಳ್ಳುವ ಮಾತುಕತೆಯನ್ನು ಬೇಸಿಗೆಗೆ ಮುನ್ನ ಯಾರು, ಯಾವಾಗ ನಡೆಸಬೇಕು?